ಕೊಲೆಗಾರರು ಎಷ್ಟು ಮಂದಿ ಬರತೀರಿ?

ಮರೋಳ
ಭಾನುವಾರ ಮಧ್ಯಾಹ್ನ

ಪ್ರೀತಿಯ ತಂಗಿಗೆ,

ನೀನು ಕಳಿಸಿದ ಧ್ವನಿ ಸಂದೇಶವನ್ನು ಅಡುಗೆಮನೆಯಲ್ಲಿ ಎಲ್ಲರೂ ಕೂಡಿಯೇ ಕೇಳಿದೆವು. ಎಳ್ಳ ಅಮಾವಾಸ್ಯೆಗೆ ಆಫೀಸಿನ ಗೆಳೆಯರನ್ನು ಕಟ್ಟಿಕೊಂಡು ಬರುತ್ತೀಯ, ಅವರಿಗೆ ಚರಗ ಚೆಲ್ಲುವುದನ್ನು ತೋರಿಸುತ್ತೀಯ ಎನ್ನುವವರೆಗೆ ಎಲ್ಲರ ಮುಖವೂ ಅರಳಿತ್ತು. ಆಮೇಲೆ ನೀನು, "ರಾತ್ರಿ ಎಲ್ಲಾರೂ ಕೂಡಿ ಮರ್ಡರ್ ಆಟ ಆಡೋಣು ಅಕ್ಕಾ, ಭಾಳ ಮಜಾ ಇರತೈತಿ" ಅಂದೆ ನೋಡು, ದೊಡ್ಡವ್ವ ರೊಟ್ಟಿ ಬಡಿಯುವ ಕೈ ನಿಲ್ಲಿಸಿದಳು. "ಯಾರನ್ನ ಮರ್ಡರ್ ಮಾಡತಾರಂತ?" ಎಂದು ನನ್ನನ್ನು ಕೇಳಿದಳು. ಚಿಗವ್ವ ತಡಮಾಡದೆ, "ಮತ್ತ್ಯಾರನ್ನ, ಮನ್ಯಾಗ ಹಿರ್ಯಾಕಿ ನೀನ ಅಲ್ಲೇನು" ಅಂದುಬಿಟ್ಟಳು. ಅಂದಿನಿಂದ ಮನೆಯಲ್ಲಿ ಇದೇ ಮಾತು. ಚಹಾ ಕೊಟ್ಟರೂ ದೊಡ್ಡವ್ವ ಸಂಶಯದಿಂದ ಕುಡಿಯುವಂತೆ ನಟಿಸುತ್ತಾಳೆ.

ನಾನು ತಿಳಿಸಿ ಹೇಳಿದ್ದೇನೆ, ಹೆದರಬೇಡ. ಯಾರೂ ಯಾರನ್ನೂ ಕೊಲ್ಲುವುದಿಲ್ಲ, ಚೀಟಿ ಎತ್ತುತ್ತಾರೆ, ಕಣ್ಣು ಮುಚ್ಚುತ್ತಾರೆ, ಒಬ್ಬರ ಮೇಲೊಬ್ಬರು ಗುಮಾನಿ ಪಡುತ್ತಾರೆ, ನಗುತ್ತಾರೆ ಅಂತ. ಅದಕ್ಕೆ ಕಾಕಾ ಹೇಳಿದ್ದು ಕೇಳು: "ಗುಮಾನಿ ಪಡಾಕ ಬೆಂಗಳೂರಿನಿಂದ ಬರಬೇಕೇನು? ಮರೋಳದಾಗ ಮಂದಿ ಕಡಿಮಿ ಅದಾರೇನು?" ದೊಡ್ಡವ್ವ ಒಪ್ಪಿದ್ದಾಳೆ, ಆದರೆ ಕರಾರು ಹಾಕಿದ್ದಾಳೆ. ಅಮಾವಾಸ್ಯೆಯ ದಿನ ಭೂಮಿತಾಯಿಗೆ ಉಣಿಸಿ ಬಂದ ಬಾಯಲ್ಲಿ ಹೆಣ, ಕೊಲೆ ಎನ್ನುವ ಮಾತು ಬರಕೂಡದು. ಮಾರನೇ ದಿನ ರಾತ್ರಿ ಏನು ಬೇಕಾದರೂ ಆಡಿಕೊಳ್ಳಿ. ಹಾಗಾಗಿ ರಜೆಯನ್ನು ಇನ್ನೊಂದು ದಿನಕ್ಕೆ ಬೆಳೆಸಿಕೊಂಡು ಬಾ. ನಿನ್ನ ಮ್ಯಾನೇಜರು ಕೇಳಿದರೆ ನಮ್ಮ ಮನೆಯಲ್ಲಿ ಒಂದು ಕೊಲೆ ಇದೆ ಅಂತ ಹೇಳು.

ಹೊಲ ಈಗ ನೋಡುವ ಹಾಗಿದೆ. ಬಿಳಿಜೋಳ ತೆನೆ ಹೊತ್ತಿದೆ, ಕಡಲೆ ಹೂವು ಬಿಟ್ಟಿದೆ, ಮುಂಜಾನೆ ಹೋದರೆ ಕಡಲೆಯ ಹುಳಿ ಸೀರೆಯ ಅಂಚಿಗೆಲ್ಲ ಹತ್ತುತ್ತದೆ. ನಿನ್ನ ಇಂಜಿನಿಯರ್ ಗೆಳೆಯರಿಗೆ ಹನಿ ನೀರಾವರಿಯ ಪೈಪುಗಳನ್ನೂ ತೋರಿಸು. ರಾಮಥಾಳ-ಮರೋಳ ಯೋಜನೆ ಅಂದರೆ ನಾರಾಯಣಪುರ ಜಲಾಶಯದ ಹಿನ್ನೀರನ್ನು ಎತ್ತಿ ಸುಮಾರು 24 ಸಾವಿರ ಹೆಕ್ಟೇರಿಗೆ ಹನಿಹನಿಯಾಗಿ ಉಣಿಸಲು ಹೊರಟದ್ದು ಎಂದು ಹೇಳಿದರೆ, ನಮ್ಮ ಊರಿನ ಹೆಸರು ಕೇಳಿರದವರೂ ಸ್ವಲ್ಪ ಸೆಟೆದು ಕೂರುತ್ತಾರೆ.

ಇಷ್ಟು ಸುದ್ದಿ ಹೇಳಿ ಈಗ ನಿಜವಾದ ಮಾತಿಗೆ ಬರುತ್ತೇನೆ. ನಿನ್ನ ಸಂದೇಶದ ಕೊನೆಯಲ್ಲಿ ಹಾರಿಸಿಕೊಂಡು ಹೇಳಿದೆಯಲ್ಲ, ಹೋದ ಸಲ ಆಡಿದಾಗಿನಿಂದ ರೂಮಿನ ಗೆಳತಿಯ ಜೊತೆ ಮೊದಲಿನ ಹಾಗೆ ಮಾತಿಲ್ಲ ಅಂತ. "ನನ್ನ ಕಣ್ಣಾಗ ಕಣ್ಣಿಟ್ಟು ಸುಳ್ಳು ಹೇಳಿದಳು ಅಕ್ಕಾ, ನಾ ಅಲ್ಲ ನಾ ಅಲ್ಲ ಅಂತ ಆಣಿ ಹಾಕಿದಳು, ಕಡೀಕೆ ಅಕಿನ ಕೊಲೆಗಾರ್ತಿ" ಎಂದು ನಗುತ್ತಲೇ ಹೇಳಿದೆ. ನಗು ಸರಿಯಾಗಿ ಹೊರಗೆ ಬರಲಿಲ್ಲ, ಅದು ನನಗೆ ಕೇಳಿಸಿತು. ಎಲ್ಲರೂ ಆಟದ ಮಾತಿಗೆ ನಗುತ್ತಿದ್ದರು. ನಾನು ಮಾತ್ರ ನಿನ್ನ ಸಂದೇಶವನ್ನು ರಾತ್ರಿ ಮತ್ತೊಮ್ಮೆ ಹಚ್ಚಿ ಕೇಳಿದೆ. ಅದಕ್ಕೇ ಈ ಉದ್ದನೆಯ ಪತ್ರ. ಫೋನಿನಲ್ಲಿ ಹೇಳಿದರೆ ನೀನು "ಹೂಂ ಅಕ್ಕಾ, ಹೂಂ ಅಕ್ಕಾ" ಅಂತ ದಾಟಿಸಿಬಿಡುತ್ತೀ.

ಸಣ್ಣವರಿದ್ದಾಗ ನಾವು ಆಡುತ್ತಿದ್ದ ಚೀಟಿ ಆಟ ನೆನಪು ಮಾಡಿಕೋ. ರಾಜ, ರಾಣಿ, ಕಳ್ಳ, ಪೊಲೀಸ್. ಹಳೆಯ ನೋಟುಬುಕ್ಕಿನ ನಡುವಿನ ಹಾಳೆ ಹರಿದು, ನಾಲ್ಕು ತುಂಡು ಮಾಡಿ, ಬರೆದು, ಮಡಚಿ, ಅಂಗೈಯಲ್ಲಿ ಕುಲುಕಿ ಎಸೆಯುವುದು. ರಾಜನಿಗೆ ಸಾವಿರ ಅಂಕ, ಕಳ್ಳನಿಗೆ ಸೊನ್ನೆ. ಪೊಲೀಸ್ ಚೀಟಿ ಬಂದವರು ಉಳಿದವರ ಮುಖ ನೋಡಿ ಕಳ್ಳನನ್ನು ಹೇಳಬೇಕು, ತಪ್ಪಿದರೆ ತನ್ನ ಅಂಕವನ್ನು ಕಳ್ಳನಿಗೆ ಬಿಟ್ಟುಕೊಡಬೇಕು. ನಿನಗೆ ಕಳ್ಳ ಬಂದರೆ ಚೀಟಿಯನ್ನು ಮತ್ತೆ ಮಡಚುತ್ತಿದ್ದೆ, ಮೊದಲು ಎರಡಾಗಿ, ಆಮೇಲೆ ನಾಲ್ಕಾಗಿ, ಆಮೇಲೆ ಕಾಳಿನಷ್ಟು ಸಣ್ಣಗೆ. ರಾಣಿ ಬಂದರೆ ಮಾತ್ರ ಮಡಚದೆ ತೊಡೆಯ ಕೆಳಗೆ ತುರುಕುತ್ತಿದ್ದೆ. ನಮ್ಮ ತಮ್ಮ ನಿನ್ನ ಮುಖ ನೋಡುತ್ತಿರಲೇ ಇಲ್ಲ, ನಿನ್ನ ಬೆರಳು ನೋಡುತ್ತಿದ್ದ. ಅವನು ಪ್ರತಿ ಸಲ ನಿನ್ನನ್ನು ಹಿಡಿಯುತ್ತಾನೆ, ಅವನಿಗೆ ಏನೋ ವಿದ್ಯೆ ಇದೆ ಎಂದು ನೀನು ಅಳುತ್ತಿದ್ದೆ. ವಿದ್ಯೆ ಇಷ್ಟೇ. ಇದನ್ನು ಇಷ್ಟು ವರ್ಷ ನಿನಗೆ ಹೇಳದೆ ಇಟ್ಟುಕೊಂಡಿದ್ದಾನೆ, ಬಂದಾಗ ವಿಚಾರಿಸಿಕೋ.

ನಮ್ಮ ಶಾಲೆಯ ಮಕ್ಕಳು ಈಗಲೂ ಊಟದ ಬಿಡುವಿನಲ್ಲಿ ಅದೇ ಆಟ ಆಡುತ್ತಾರೆ. ನಿಮ್ಮ ಮರ್ಡರ್ ಆಟ, ಅಂದರೆ ಮಾಫಿಯಾ, ಅದರ ದೊಡ್ಡಣ್ಣ, ಅಷ್ಟೇ. ಅದನ್ನು ಕಟ್ಟಿದವನು ದಿಮಿತ್ರಿ ಡವಿಡಾಫ್, 1980ರ ದಶಕದ ಉತ್ತರಾರ್ಧದಲ್ಲಿ ಮಾಸ್ಕೋ ವಿಶ್ವವಿದ್ಯಾಲಯದಲ್ಲಿ ಮನಶ್ಶಾಸ್ತ್ರ ಓದುತ್ತಿದ್ದವನು. ಹಾಸ್ಟೆಲಿನ ಹುಡುಗರ ಆಟ ಎಲ್ಲೆಲ್ಲೋ ಹಬ್ಬಿತು. 1997ರಲ್ಲಿ ಆಂಡ್ರ್ಯೂ ಪ್ಲಾಟ್ಕಿನ್ ಎಂಬ ಅಮೆರಿಕದವನು ಮಾಫಿಯಾ ತೆಗೆದು ನರತೋಳ ಹಾಕಿದ, ಹಗಲು ಹಳ್ಳಿಗ, ರಾತ್ರಿ ತೋಳ. 2020ರ ಲಾಕ್‌ಡೌನಿನಲ್ಲಿ ನಮ್ಮ ತಮ್ಮ ಮಾಳಿಗೆಯ ಮೇಲೆ ನೆಟ್‌ವರ್ಕ್ ಹಿಡಿದು ಕೂತು "ಕೆಂಪು, ಕೆಂಪು, ಕೆಂಪಿನವನ ಕೊಂದಾನ" ಎಂದು ಕೂಗುತ್ತಿದ್ದನಲ್ಲ, ಆ ಅಮಾಂಗ್ ಅಸ್ ಕೂಡ ಇದೇ ವಂಶದ್ದು. ಕೊಲೆಗಾರ ಯಾರೆಂದು ಗೊತ್ತಿರುವವರು ಕೆಲವೇ ಮಂದಿ, ಗೊತ್ತಿಲ್ಲದವರು ಬಹಳ ಮಂದಿ. ಗೊತ್ತಿಲ್ಲದ ಬಹಳ ಮಂದಿಯ ಕೈಯಲ್ಲಿ ಓಟು, ಗೊತ್ತಿರುವ ಕೆಲವರ ಕೈಯಲ್ಲಿ ಕತ್ತಿ. ಗ್ರಾಮ ಪಂಚಾಯಿತಿ ಚುನಾವಣೆ ನೋಡಿದವರಿಗೆ ಇದನ್ನು ಬಿಡಿಸಿ ಹೇಳುವ ಅಗತ್ಯವಿಲ್ಲ.

ಕಣ್ಣು ಹೊಡೆದು ಕೊಲ್ಲುವ ಆಟವೂ ಒಂದಿದೆಯಂತಲ್ಲ. ಕೊಲೆಗಾರ ಯಾರಿಗೆ ಕಣ್ಣು ಹೊಡೆದನೋ ಅವರು ಸತ್ತ ಹಾಗೆ. ಅದನ್ನು ದಯವಿಟ್ಟು ಇಲ್ಲಿ ಬೇಡ. ಕಟ್ಟೆಯ ಮೇಲೆ ಕೂತ ಹಿರಿಯರು ನೋಡಿದರೆ ಸಾಯುವವನು ಕಣ್ಣು ಹೊಡೆದವನೇ.

ನಿಮ್ಮಾಟದಲ್ಲಿ ನನಗೆ ಬೇಸರ ತರುವುದು ಕೊಲೆ ಅಲ್ಲ ತಂಗೀ, ಮರುದಿನ ಬೆಳಗಿನ ಪಂಚಾಯಿತಿ. ಎಲ್ಲರೂ ಕಣ್ಣು ತೆರೆಯುತ್ತಾರೆ, ಒಬ್ಬ ಸತ್ತಿದ್ದಾನೆ, ಈಗ ಯಾರನ್ನಾದರೂ ಗಲ್ಲಿಗೆ ಹಾಕಲೇಬೇಕು. ಸಾಕ್ಷಿ ಇಲ್ಲ, ರಕ್ತದ ಕಲೆ ಇಲ್ಲ, ಹೆಜ್ಜೆಯ ಗುರುತಿಲ್ಲ. ಇರುವುದು ಮುಖ ಮಾತ್ರ. ಆಗ ಏನಾಗುತ್ತದೆ ಹೇಳು? ಸುಮ್ಮನೆ ಕೂತವನು ಸಾಯುತ್ತಾನೆ. "ಅಕಿ ಯಾಕ ಮಾತಾಡವಲ್ಲಳು?" ಅಂತ ಒಬ್ಬರು ಅಂದರೆ ಮುಗಿಯಿತು. ಮಾತಾಡಿದರೆ "ಇಷ್ಟು ಯಾಕ ಮಾತಾಡತಾಳ?" ಹೋದ ವರ್ಷ ತಮ್ಮನ ಗೆಳೆಯರು ಇಲ್ಲೇ ಪಡಸಾಲೆಯಲ್ಲಿ ಆಡಿದಾಗ ನಾನು ಬಾಗಿಲ ಹತ್ತಿರ ಕೂತು ನೋಡಿದ್ದೇನೆ. ಸೊಲ್ಲಾಪುರದಿಂದ ಬಂದಿದ್ದ ಹುಡುಗನೊಬ್ಬ, ಪಾಪ, ನಮ್ಮ ಮಾತು ಪೂರ್ತಿ ತಿಳಿಯದೆ ಸುಮ್ಮನಿದ್ದ. ಪ್ರತಿ ಸಲವೂ ಮೊದಲು ಗಲ್ಲಿಗೆ ಹೋದವನು ಅವನೇ. ಅವನಿಗೆ ಒಮ್ಮೆಯೂ ಕೊಲೆಗಾರನ ಚೀಟಿ ಬಂದಿರಲಿಲ್ಲ.

ಮುಖ ನೋಡಿ ಸುಳ್ಳು ಹಿಡಿಯುತ್ತೇವೆ ಎನ್ನುವ ನಮ್ಮ ಧೈರ್ಯಕ್ಕೆ ಆಧಾರವೇ ಇಲ್ಲ, ಗೊತ್ತೇ? ಚಾರ್ಲ್ಸ್ ಬಾಂಡ್ ಮತ್ತು ಬೆಲ್ಲಾ ಡಿಪಾಲೊ ಎಂಬ ಇಬ್ಬರು ಅಮೆರಿಕದ ಮನಶ್ಶಾಸ್ತ್ರಜ್ಞರು ಹಳೆಯ ಅಧ್ಯಯನಗಳನ್ನೆಲ್ಲ ಗುಡ್ಡೆ ಹಾಕಿ 2006ರಲ್ಲಿ ಲೆಕ್ಕ ತೆಗೆದರು. ಸುಮಾರು 24 ಸಾವಿರ ಜನ ಬೇರೆಬೇರೆಯವರ ಮಾತು ಕೇಳಿ ಇದು ನಿಜ, ಇದು ಸುಳ್ಳು ಎಂದು ಹೇಳಿದ ತೀರ್ಪುಗಳು. ಸರಿಯಾದದ್ದು ನೂರಕ್ಕೆ 54. ನಾಣ್ಯ ಚಿಮ್ಮಿದರೆ 50 ಬರುತ್ತದೆ. ಅಂದಮೇಲೆ ನೂರು ಮುಖ ನೋಡಿ ನಮ್ಮ ಬುದ್ಧಿ ಗಳಿಸುವುದು ನಾಲ್ಕೇ ನಾಲ್ಕು. ಇದನ್ನು ಮಾವನಿಗೆ ಹೇಳಿದೆ, ಅದೇ, ಬಾಗಲಕೋಟೆಯ ಕೋರ್ಟಿನಲ್ಲಿ ವಕೀಲಿ ಮಾಡುವ ನಮ್ಮ ಸೋದರಮಾವನಿಗೆ. ಅವನು ನಗಲಿಲ್ಲ. "ಅದಕ್ಕ ಕೋರ್ಟಿನ್ಯಾಗ ಸಂಶಯದ ಲಾಭ ಆರೋಪಿಗೆ ಕೊಡತಾರ. ನಿಮ್ಮ ಆಟದಾಗ ಸಂಶಯನ ಶಿಕ್ಷಾ" ಅಂದ.

ಈ ಮಾತು ಅವನು ಆಡಿದಾಗ ಅಜ್ಜಿ ಹೇಳುತ್ತಿದ್ದ ಬುಗುಡಿಯ ಕಥೆ ನೆನಪಾಯಿತು. ನೀನು ಕೇಳಿಲ್ಲ, ನೀನು ಹುಟ್ಟುವ ಹೊತ್ತಿಗೆ ಅಜ್ಜಿ ಅದನ್ನು ಹೇಳುವುದು ಬಿಟ್ಟಿದ್ದಳು. ಅಜ್ಜಿಯ ಮದುವೆಯ ಬುಗುಡಿಗಳಲ್ಲಿ ಒಂದು ಕಾಣೆಯಾಯಿತು. ಸುಗ್ಗಿಯ ಕಾಲ, ಮನೆ ತುಂಬ ಆಳುಗಳು. ಹಗೇವಿನಿಂದ ಜೋಳ ತೆಗೆಯುವವರು, ರಾಶಿ ಮಾಡುವವರು, ಬೀಸುವವರು, ಕೇರುವವರು. ಅಂಜನ ಹಾಕಿಸಿದರು. ವೀಳ್ಯದೆಲೆಗೆ ಕಾಡಿಗೆ ಸವರಿ, ಎಣ್ಣೆ ಹಚ್ಚಿ, ಒಬ್ಬ ಸಣ್ಣ ಹುಡುಗನನ್ನು ಕೂರಿಸಿ, "ಏನ ಕಾಣತೈತಿ ನೋಡು" ಎಂದು ಕೇಳುವುದು. ಆ ಹುಡುಗ ಬಹಳ ಹೊತ್ತು ಏನೂ ಕಾಣುವುದಿಲ್ಲ ಅಂದನಂತೆ. ಅಂಜನದವನು ಬಿಡಲಿಲ್ಲ. ಗಂಡಸೋ ಹೆಂಗಸೋ? ಹೆಂಗಸು. ಸೀರೆ ಯಾವ ಬಣ್ಣ? ಹಸಿರು. ಎತ್ತರವೋ ಗಿಡ್ಡವೋ? ಹುಡುಗ ತಲೆಯೆತ್ತಿ ಸುತ್ತ ನೋಡಿ, ಎತ್ತರ ಅಂದ. ಹಸಿರು ಸೀರೆಯ ಎತ್ತರದ ಹೆಂಗಸು ಅಲ್ಲೇ ಬಾಗಿಲಲ್ಲಿ ಮೊರ ಹಿಡಿದು ನಿಂತಿದ್ದಳು. ಯಾರೂ ಅವಳಿಗೆ ಏನೂ ಅನ್ನಲಿಲ್ಲ. ಅವಳೂ ಏನೂ ಅನ್ನಲಿಲ್ಲ. ಮೊರವನ್ನು ಕೆಳಗಿಟ್ಟು ಹೋದವಳು ಮತ್ತೆ ನಮ್ಮ ಮನೆಯ ಕಡೆ ಬರಲಿಲ್ಲ.

ಬುಗುಡಿ ಸಿಕ್ಕಿತೇ ಅಂತ ಕೇಳುತ್ತೀಯ, ಗೊತ್ತು. ಸಿಗಲಿಲ್ಲ. ಅವಳು ತೆಗೆದಿದ್ದಳೋ ಇಲ್ಲವೋ ಯಾರಿಗೂ ತಿಳಿಯಲೇ ಇಲ್ಲ. ಅಜ್ಜಿ ಉಳಿದ ಒಂದು ಬುಗುಡಿಯನ್ನು ಮುರಿಸಿ ಬೇರೇನೋ ಮಾಡಿಸಿಕೊಂಡಳು. "ಅಕಿ ಕೇರಿದ್ಹಂಗ ಯಾರೂ ಕೇರತಿದ್ದಿಲ್ಲ" ಅಂತ ಮಾತ್ರ ಆಗಾಗ ಹೇಳುತ್ತಿದ್ದಳು.

ಅದೇ ಕಾರಣಕ್ಕೆ ನನಗೆ ಚೀಟಿ ಆಟಕ್ಕಿಂತ ಪುಸ್ತಕದ ಕೊಲೆಗಳೇ ಇಷ್ಟ. ಕಾಕಾನ ಟ್ರಂಕಿನಲ್ಲಿ ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿಗಳು ಇನ್ನೂ ಇವೆ, ಹಾಳೆ ಹಪ್ಪಳದ ಹಾಗೆ ಆಗಿದೆ, ಮುಟ್ಟಿದರೆ ಮುರಿಯುತ್ತದೆ. ಓದಿದ್ದು ನಾಲ್ಕನೇ ಇಯತ್ತೆ, ಬರೆದದ್ದು ಐದು ನೂರಕ್ಕೂ ಹೆಚ್ಚು ಪುಸ್ತಕ. ಪತ್ತೇದಾರ ಪುರುಷೋತ್ತಮ, ಮಧುಸೂದನ, ಅರಿಂಜಯ, ಇವರನ್ನು ಓದಲೆಂದೇ ಅಕ್ಷರ ಕಲಿತವರು, ಬಾಡಿಗೆ ಲೈಬ್ರರಿಗೆ ಓಡಿದವರು ಆ ಕಾಲದಲ್ಲಿ ಎಷ್ಟು ಮಂದಿ! ಕನ್ನಡದ ಬಾವುಟ ರೂಪಿಸಿದ ಮ. ರಾಮಮೂರ್ತಿಯವರೂ ಪತ್ತೇದಾರಿ ಕಾದಂಬರಿ ಬರೆದವರೇ. ದೊಡ್ಡ ಸಾಹಿತಿಗಳು ಇವನ್ನು ಲೆಕ್ಕಕ್ಕೆ ಹಿಡಿಯಲಿಲ್ಲ, ಹಿಡಿಯದಿದ್ದದ್ದು ಅವರಿಗೇ ನಷ್ಟ ಎಂದು ನನ್ನ ಅಭಿಪ್ರಾಯ. ಪುರುಷೋತ್ತಮ ಯಾರ ಮುಖವನ್ನೂ ನಂಬುವುದಿಲ್ಲ. ಸಿಗರೇಟಿನ ತುಂಡು ನಂಬುತ್ತಾನೆ.

ಗೆಳೆಯರ ಪಾರ್ಟಿಯಲ್ಲಿ ಕೊಲೆ ಆಟ ಆಡಲು ಹೋಗಿ ನಿಜವಾದ ಹೆಣ ಬೀಳುವ ಕಥೆಗಳಂತೂ ಬೇಕಾದಷ್ಟಿವೆ. ನ್ಯೂಜಿಲೆಂಡಿನ ನಾಯೊ ಮಾರ್ಷ್ 1934ರಲ್ಲಿ ಬರೆದ ಮೊದಲ ಕಾದಂಬರಿಯೇ ಅದು. ಹಳ್ಳಿಯ ದೊಡ್ಡ ಬಂಗಲೆ, ವಾರಾಂತ್ಯದ ಅತಿಥಿಗಳು, ದೀಪ ಆರಿಸಿ ಆಡುವ ಕೊಲೆ ಆಟ, ದೀಪ ಹಚ್ಚಿದಾಗ ಬೆನ್ನಿನಲ್ಲಿ ನಿಜವಾದ ಚೂರಿ. ಅಗಾಥಾ ಕ್ರಿಸ್ಟಿ 1950ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋದಳು. ಇಂಥ ಮನೆಯಲ್ಲಿ ಇಂಥ ಸಂಜೆ 6:30ಕ್ಕೆ ಕೊಲೆ ನಡೆಯಲಿದೆ ಎಂದು ಪತ್ರಿಕೆಯಲ್ಲಿ ಪ್ರಕಟಣೆ ಬರುತ್ತದೆ. ನೆರೆಯವರೆಲ್ಲ ಇದೇನೋ ಆಟ ಇರಬೇಕು, ನಮ್ಮನ್ನು ಕರೆದ ರೀತಿ ಇರಬೇಕು ಎಂದು ತಯಾರಾಗಿ ಬಂದು ಕೂರುತ್ತಾರೆ. ಗಡಿಯಾರ ಹೊಡೆಯುತ್ತದೆ, ದೀಪ ಆರುತ್ತದೆ. ಮುಂದಿನದು ಹೇಳುವುದಿಲ್ಲ, ನೀನೇ ಓದು. ಹೇಳಿದರೆ ನನ್ನ ಮೇಲೆ ಮುನಿಸಿಕೊಳ್ಳುತ್ತೀ, ಒಬ್ಬಳ ಮೇಲಿನ ಮುನಿಸೇ ಸಾಕಾಗಿದೆ ನಿನಗೆ.

ಮುಖವನ್ನೇ ನೋಡದೆ ಆಡುವ ಕೊಲೆ ಆಟವೂ ಇದೆ, ಕ್ಲೂಡೊ. ಬರ್ಮಿಂಗ್‌ಹ್ಯಾಮಿನ ಆಂಥನಿ ಪ್ರ್ಯಾಟ್ ಯುದ್ಧದ ಕಾಲದಲ್ಲಿ ಮನೆಯೊಳಗೆ ಕೂತು ಅದನ್ನು ಕಟ್ಟಿದ, 1949ರಲ್ಲಿ ಅಂಗಡಿಗೆ ಬಂತು. ಆರು ಜನ, ಆರು ಆಯುಧ, ಒಂಬತ್ತು ಕೋಣೆ. ಗುಣಿಸಿ ನೋಡು, 324 ಬಗೆಯ ಕೊಲೆ. ಒಂದೊಂದಾಗಿ ಅಳಿಸುತ್ತ ಹೋದರೆ ಕೊನೆಗೆ ಉಳಿದದ್ದೇ ಸತ್ಯ. ನಮ್ಮ ಆರನೇ ಇಯತ್ತೆಯ ಮಕ್ಕಳಿಗೆ ರಟ್ಟಿನ ಮೇಲೆ ಇದನ್ನು ಮಾಡಿಕೊಟ್ಟೆ. ಕೋಣೆಗಳ ಬದಲು ಪಡಸಾಲೆ, ಅಡುಗೆಮನೆ, ದೇವರ ಮನೆ, ಗೋದಲಿ, ಬಣವೆ. ಆಯುಧದ ಬದಲು ಕುರಪಿ, ಕುಡಗೋಲು, ಒನಕೆ. ಕೊಲೆ ಅನ್ನುವುದು ಬೇಡವೆಂದು, ಕರದಂಟು ಕದ್ದವರು ಯಾರು ಅಂತ ಮಾಡಿದೆ. ಒಬ್ಬ ಹುಡುಗ ಎದ್ದು ನಿಂತು ಕೇಳಿದ: "ಟೀಚರ್ರ, ಕರದಂಟು ಕದಿಯಾಕ ಕುಡಗೋಲು ಯಾಕ ಬೇಕರಿ?" ನನ್ನ ಬಳಿ ಉತ್ತರ ಇರಲಿಲ್ಲ.

ನೀನು ನೋಡು ನೋಡು ಎಂದು ಹಿಂದೆ ಬಿದ್ದಿದ್ದ ಮಲಯಾಳದ 'ಟ್ವೆಲ್ತ್ ಮ್ಯಾನ್' ಕೂಡ ನೋಡಿದೆ, 2022ರಲ್ಲಿ ಜೀತು ಜೋಸೆಫ್ ತೆಗೆದದ್ದು, ಮೋಹನ್‌ಲಾಲ್ ಇರುವುದು. ಕಾಲೇಜಿನಿಂದ ಕೂಡಿದ ಗೆಳೆಯರು, ಗುಡ್ಡದ ಮೇಲಿನ ರೆಸಾರ್ಟು, ಎಲ್ಲರ ಫೋನೂ ಊಟದ ಮೇಜಿನ ಮೇಲೆ, ಬಂದ ಕರೆಯನ್ನೆಲ್ಲ ಸ್ಪೀಕರಿಗೆ ಹಾಕಬೇಕು. ಬೆಳಗಾಗುವುದರೊಳಗೆ ಒಬ್ಬಳ ಹೆಣ. ಆ ಫೋನಿನ ಆಟ ಮೊದಲು ಬಂದದ್ದು 2016ರ ಇಟಲಿಯ ಸಿನಿಮಾದಲ್ಲಿ. ಅದನ್ನು ಎಷ್ಟೊಂದು ಭಾಷೆಗಳಲ್ಲಿ ಮತ್ತೆ ಮತ್ತೆ ತೆಗೆದರೆಂದರೆ ಗಿನ್ನೆಸ್ ದಾಖಲೆಯೇ ಆಯಿತು. ಕನ್ನಡದಲ್ಲೂ 2018ರಲ್ಲಿ 'ಲೌಡ್‌ಸ್ಪೀಕರ್' ಅಂತ ಬಂತಲ್ಲ. ನೋಡುತ್ತ ನನಗೆ ಅನಿಸಿದ್ದು, ಕೊಲೆ ಆದದ್ದು ರಾತ್ರಿಯಲ್ಲ, ಮೊದಲ ಫೋನು ಬಡಿದಾಗಲೇ. ಚಿಗವ್ವ ನನ್ನ ಜೊತೆ ಕೂತು ಕೊನೆವರೆಗೂ ನೋಡಿ, "ನಮ್ಮ ಮನ್ಯಾಗ ಈ ಆಟ ಆಡಿದ್ರ ಬರೇ ಸೊಸೈಟಿ ಸಾಲದ ಫೋನ ಬರತಾವ" ಅಂದಳು.

ಈಗ ನಿನ್ನ ಗೆಳತಿಯ ಮಾತು. ಆ ಸಿನಿಮಾದವರು ಮುಚ್ಚಿಟ್ಟದ್ದು ಜೀವನದ ಗುಟ್ಟು. ನಿನ್ನ ಗೆಳತಿ ಮುಚ್ಚಿಟ್ಟದ್ದು ಒಂದು ಚೀಟಿ. ಎರಡೂ ಒಂದೇ ಎಂದು ನಿನ್ನ ಮನಸ್ಸು ಹೇಳುತ್ತಿದ್ದರೆ ಅದು ಯಾಕೆಂದು ನನಗೆ ತಿಳಿಯುತ್ತದೆ. ಇಷ್ಟು ಸಲೀಸಾಗಿ ಸುಳ್ಳು ಬರುವುದಾದರೆ ಬೇರೆ ಹೊತ್ತಿನಲ್ಲಿ ಹೇಳಿದ್ದೆಲ್ಲ ನಿಜವೇ, ನಿನ್ನ ಡ್ರೆಸ್ ಚೆನ್ನಾಗಿದೆ ಅಂದದ್ದು, ನಿನಗೆ ಜ್ವರ ಬಂದಾಗ ನನಗೇನೂ ತೊಂದರೆಯಿಲ್ಲ ಅಂದದ್ದು? ಇಂಥ ಸಂಶಯ ಒಮ್ಮೆ ಕಾಲಿಟ್ಟರೆ ಹಿಂದಿನದನ್ನೆಲ್ಲ ಕೆದರುತ್ತ ಹೋಗುತ್ತದೆ. ಆದರೆ ಹುಚ್ಚಿ, ಅವಳು ಆವತ್ತು ಯಾರ ಹತ್ತಿರ ಸುಳ್ಳು ಹೇಳಲಿಲ್ಲ ಹೇಳು? ಎಲ್ಲರಿಗೂ ಹೇಳಿದಳು, ನಂಬಿದವಳು ನೀನೊಬ್ಬಳೇ ಅಂತ ನೀನೇ ಹೇಳಿದೆ. ಉಳಿದವರೆಲ್ಲ ಅವಳ ಮೇಲೆ ಕೈ ತೋರಿಸಿದಾಗ ನೀನು ಅಡ್ಡ ನಿಂತು "ಅಕಿ ಅಲ್ಲ, ನನಗ ಗೊತ್ತು" ಎಂದು ಜಗಳ ಮಾಡಿದೆ. ನಿನಗೆ ನೋವಾದದ್ದು ಅವಳ ಸುಳ್ಳಿನಿಂದ ಅಲ್ಲ, ಎಲ್ಲರೆದುರು ನೀನು ಪಣಕ್ಕಿಟ್ಟ ನಂಬಿಕೆ ನಗೆಪಾಟಲಾಯಿತಲ್ಲ, ಅದರಿಂದ. ಅದನ್ನು ಅವಳಿಗೆ ಹೇಳು. ಹೇಳದೆ ಮೂತಿ ತಿರುವಿಕೊಂಡು ಕೂತರೆ ಅವಳಿಗೆ ಹೇಗೆ ತಿಳಿಯಬೇಕು? ಅವಳೇನು ವೀಳ್ಯದೆಲೆಗೆ ಕಾಡಿಗೆ ಹಚ್ಚಿ ನೋಡಬೇಕೇ?

ಅವಳನ್ನೂ ಕರಕೊಂಡು ಬಾ. ಅವಳು ಬರದಿದ್ದರೆ ನೀನೂ ಬರಬೇಡ ಎಂದು ಬರೆಯುವ ಧೈರ್ಯ ನನಗಿಲ್ಲ, ದೊಡ್ಡವ್ವ ನನ್ನನ್ನು ಉಳಿಸುವುದಿಲ್ಲ. ಆದರೆ ಕರಕೊಂಡು ಬಾ. ಅಷ್ಟು ಚೆನ್ನಾಗಿ ಸುಳ್ಳು ಹೇಳುವ ಹುಡುಗಿಯನ್ನು ನನಗೂ ನೋಡಬೇಕಾಗಿದೆ. ನಮ್ಮ ಶಾಲೆಗೆ ತನಿಖೆಗೆ ಬರುವವರ ಮುಂದೆ ಅಂಥವಳೊಬ್ಬಳು ಬೇಕು.

ಒಂದೇ ಒಂದು ಕಟ್ಟಪ್ಪಣೆ. ಪಂಥ ಕಟ್ಟುವ ಆಟ ಯಾವುದೂ ಬೇಡ. 2024ರ ದೀಪಾವಳಿ ರಾತ್ರಿ ನಿಮ್ಮ ಬೆಂಗಳೂರಿನ ಕೋಣನಕುಂಟೆಯಲ್ಲಿ ಆದದ್ದು ನಿನಗೆ ನೆನಪಿರಬೇಕು. ಪಟಾಕಿಗೆ ಡಬ್ಬಿ ಮುಚ್ಚಿ ಅದರ ಮೇಲೆ ಕೂತರೆ ಆಟೋ ಕೊಡಿಸುತ್ತೇವೆ ಎಂದು ಗೆಳೆಯರೇ ಹುರಿದುಂಬಿಸಿದರು. ಕೂತವನು ಉಳಿಯಲಿಲ್ಲ, ಗೆಳೆಯರು ಆರು ಮಂದಿ ಪೊಲೀಸರ ಕೈಗೆ ಸಿಕ್ಕರು. ಅಲ್ಲಿ ಪತ್ತೇದಾರಿಕೆಗೆ ಕೆಲಸವೇ ಇರಲಿಲ್ಲ, ಕ್ಯಾಮೆರಾದಲ್ಲಿ ಎಲ್ಲವೂ ಇತ್ತು. ಬೆಂಕಿ ಹಚ್ಚಿ ದೂರ ಓಡಿ ಹೋಗಿ ನಿಂತರಲ್ಲ, ಆ ಓಟವನ್ನು ನೋಡಿದ ಮೇಲೆ ನನಗೆ ಎರಡು ರಾತ್ರಿ ನಿದ್ದೆ ಹತ್ತಲಿಲ್ಲ. ಅವರಲ್ಲಿ ಯಾರಿಗೂ ಅವನು ಸಾಯಬೇಕೆಂದು ಇರಲಿಲ್ಲವೇನೋ. ಹಾಗಾಗಿ ನಮ್ಮ ಬಾವಿ, ನಮ್ಮ ಮಾಳಿಗೆ, ಕೂಡಲಸಂಗಮದ ನೀರು, ಇವುಗಳ ಹತ್ತಿರ "ಹಾರಿ ತೋರಸು ನೋಡೋಣು" ಅನ್ನುವ ಗೆಳೆಯ ಯಾರಾದರೂ ಇದ್ದರೆ ಅವನಿಗೆ ಬಸ್ಸಿನ ಟಿಕೆಟ್ಟೇ ತೆಗೆಯಬೇಡ.

ಆಟವನ್ನು ನಾನೇ ಕಟ್ಟಿ ಇಟ್ಟಿದ್ದೇನೆ, ಕೇಳು. ಮಾಸ್ಕೋ ಯಾಕೆ, ಬರ್ಮಿಂಗ್‌ಹ್ಯಾಮ್ ಯಾಕೆ, ಅತಿಥಿಗಳನ್ನು ಊಟಕ್ಕೆ ಕರೆದು ಕೊಲ್ಲುವ ವಿದ್ಯೆ ನಮ್ಮ ಬಾದಾಮಿಯದೇ ಅಲ್ಲವೇ? ಇಲ್ವಲ, ವಾತಾಪಿ ಅಣ್ಣತಮ್ಮಂದಿರು. ವಾತಾಪಿ ಟಗರಾಗುತ್ತಾನೆ, ಇಲ್ವಲ ಅವನನ್ನು ಕಡಿದು ಅಡುಗೆ ಮಾಡಿ ಅತಿಥಿಗೆ ಬಡಿಸುತ್ತಾನೆ, ಉಂಡಾದ ಮೇಲೆ "ವಾತಾಪೀ, ಬಾ" ಎಂದು ಕರೆಯುತ್ತಾನೆ, ತಮ್ಮ ಹೊಟ್ಟೆ ಸೀಳಿಕೊಂಡು ಬರುತ್ತಾನೆ. ಎಷ್ಟು ಜನ ಸತ್ತರೋ! ಆಯುಧ ಇಲ್ಲ, ಹೆಣದ ಮೇಲೆ ಬೇಕಾದಷ್ಟು ಗಾಯ, ಆದರೆ ಕೊಲೆಗಾರ ಹೊರಗಿನಿಂದ ಬಂದವನೇ ಅಲ್ಲ. ಕೊನೆಗೆ ಅಗಸ್ತ್ಯ ಬಂದ, ಉಂಡ, ಹೊಟ್ಟೆ ಸವರಿ ಜೀರ್ಣಿಸಿಕೊಂಡ. ಅವನು ಅಲ್ಲಿಗೆ ಬಂದದ್ದೂ ತಪಸ್ಸಿಗಲ್ಲ, ಹೆಂಡತಿ ಲೋಪಾಮುದ್ರೆಗೆ ಒಡವೆ ವಸ್ತ್ರ ಬೇಕಾಗಿತ್ತು, ಹಣ ಕೇಳಲು ಬಂದಿದ್ದ. ಜೊತೆಗೆ ಬಂದಿದ್ದ ಮೂವರು ರಾಜರು ವಿಷಯ ತಿಳಿದು ಗಡಗಡ ನಡುಗುತ್ತಿದ್ದರಂತೆ.

ಹಾಗಾಗಿ ಚೀಟಿಗಳು ಹೀಗೆ: ಒಬ್ಬ ಇಲ್ವಲ, ಒಬ್ಬ ವಾತಾಪಿ, ಒಬ್ಬ ಅಗಸ್ತ್ಯ, ಉಳಿದವರೆಲ್ಲ ನಡುಗುವ ರಾಜರು. ರಾತ್ರಿ ಇಲ್ವಲ ಒಬ್ಬರನ್ನು ಊಟಕ್ಕೆ ಕರೆಯುತ್ತಾನೆ. ಬೆಳಗ್ಗೆ ಪಂಚಾಯಿತಿಯಲ್ಲಿ ಯಾರ ಮೇಲಾದರೂ ಬೆರಳು ತೋರಿಸುವವರು ಕಾರಣ ಹೇಳಬೇಕು, ಕೇಳಿದ್ದೋ ಕಂಡದ್ದೋ ಲೆಕ್ಕ ಹಾಕಿದ್ದೋ ಏನಾದರೊಂದು ಇರಬೇಕು. "ಮುಖ ನೋಡಿದ್ರ ಗೊತ್ತಾಗತೈತಿ" ಅಂದವರು ಆ ಸುತ್ತಿನಲ್ಲಿ ಪಾತ್ರೆ ತೊಳೆಯಬೇಕು. ಈ ನಿಯಮ ಮಾವನದು. ಆಟ ನಡೆಸಿಕೊಡುವವಳು ದೊಡ್ಡವ್ವ, ಅವಳೇ ಹಟ ಮಾಡಿ ತೆಗೆದುಕೊಂಡಿದ್ದಾಳೆ. ಎಲ್ಲರೂ ಕಣ್ಣು ಮುಚ್ಚಿದಾಗ ಅವಳು ಖಂಡಿತ "ಏ ತಮ್ಮಾ ಇಲ್ವಲಾ, ನಿದ್ದಿ ಹತ್ತಿತೇನೋ, ಏಳು" ಎಂದು ಹೆಸರು ಹಿಡಿದು ಎಬ್ಬಿಸುತ್ತಾಳೆ. ಅದಕ್ಕೆ ನಾನೇನೂ ಮಾಡಲಾರೆ.

ಎಷ್ಟು ಮಂದಿ ಬರುತ್ತೀರಿ ಎಂದು ನಾಳೆಯೊಳಗೆ ತಿಳಿಸು. ಕೌದಿ ಬಿಸಿಲಿಗೆ ಹಾಕಬೇಕು, ಸಜ್ಜಿ ಹಿಟ್ಟು ಹಾಕಿಸಬೇಕು. ಇಳಕಲ್ಲಿನಲ್ಲಿ ಇಳಿಯುತ್ತೀರೋ ಹುನಗುಂದದಲ್ಲೋ ಹೇಳಿದರೆ ತಮ್ಮ ಗಾಡಿ ತರುತ್ತಾನೆ. ಚರಗದ ಬುಟ್ಟಿ ಹೊರುವವರು ಗಂಡುಹುಡುಗರಾದರೂ ಸರಿ, ಆದರೆ ಚಪ್ಪಲಿ ಬಿಟ್ಟು ಎರಿಹೊಲದಲ್ಲಿ ನಡೆಯಬೇಕು ಎಂದು ಮೊದಲೇ ಹೇಳಿರು. ಇನ್ನೊಂದು ಮಾತು, ಇದು ತಮಾಷೆಯಲ್ಲ. ಶೇಂಗಾ ತಿಂದರೆ ಆಗದವರು ನಿಮ್ಮ ಗುಂಪಿನಲ್ಲಿ ಯಾರಾದರೂ ಇದ್ದಾರೆಯೇ ಎಂದು ಎಲ್ಲರನ್ನೂ ಕೇಳಿ ಬರೆ. ಕೆಲವರಿಗೆ ಉಸಿರೇ ಕಟ್ಟುತ್ತದಂತೆ. ನಮ್ಮಲ್ಲಿ ಹೋಳಿಗೆಯೂ ಶೇಂಗಾದ್ದು, ಹಿಂಡಿಯೂ ಶೇಂಗಾದ್ದು, ಎಣ್ಣಿಗಾಯಿಯ ಹೊಟ್ಟೆಯಲ್ಲೂ ಅದೇ. ಅಂಥವರಿದ್ದರೆ ಎಳ್ಳಹೋಳಿಗೆ ಬೇರೆ ಮಾಡಿ, ಬೇರೆ ಬುಟ್ಟಿಯಲ್ಲಿಟ್ಟು, ಮೇಲೆ ಹೆಸರು ಬರೆದಿಡುತ್ತೇನೆ. ಇಲ್ವಲನ ಹೆಸರು ನಮ್ಮ ಅಡುಗೆಮನೆಗೆ ಬರುವುದು ಬೇಡ.

ನಿನ್ನ
ಅಕ್ಕ